ಸೊಲ್ಲಾಪುರದ ಸಾಹುಕಾರರೂ ಬೆಂಗಳೂರಿನ ವಿಮಾನವೂ

ಸೊಲ್ಲಾಪುರ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ, ಹೇಳಿ? ಚಾದರ, ಅಲ್ಲವೇ? ನಮ್ಮ ಮಾದನಹಿಪ್ಪರಗಾದ ಕಡೆಯವರಿಗಂತೂ ಅದು ಮದುವೆ ಜವಳಿಗೆ ಹೋಗುವ ಊರು. ಆದರೆ ಸೋದರಿಯರೇ, ನಮ್ಮ ದೇಶಕ್ಕೆ ವಿಮಾನದ ಕಾರ್ಖಾನೆ ಬೇಕೆಂದು ಹಟ ಹಿಡಿದು ಕಟ್ಟಿಸಿದವರೂ ಅದೇ ಸೊಲ್ಲಾಪುರದಲ್ಲಿ ಹುಟ್ಟಿದವರೆಂಬುದು ನಿಮಗೆ ಗೊತ್ತೇ? ಅವರೇ ವಾಲಚಂದ ಹೀರಾಚಂದ.

ನಾನು ಈ ಕತೆಯನ್ನು ಹುಡುಕಿ ಓದಲು ಕಾರಣ ನಮ್ಮ ಮನೆಯಲ್ಲೆದ್ದ ಒಂದು ವಾದ. ಹತ್ತನೆಯ ತರಗತಿ ಮುಗಿಸಿದ ಮಗಳು, “ಐ.ಟಿ.ಐ. ಸೇರಿ ಫಿಟ್ಟರ್ ಕೆಲಸ ಕಲೀತೀನವ್ವಾ, ಮುಂದ ಬೆಂಗಳೂರಾಗ ವಿಮಾನದ ಕಾರ್ಖಾನಿಗಿ ಅರ್ಜಿ ಹಾಕ್ತೀನಿ” ಎಂದಳು. ಜೋಳ ಹಸನು ಮಾಡುತ್ತಿದ್ದ ಅತ್ತೆಯವರು ಮೊರ ಕೆಳಗಿಟ್ಟು, “ಹೆಣ್ಣುಡುಗಿ ತಗಡು ಬಡೀಲಾಕ ಹೋಗ್ತಾಳೇನವಾ? ವಿಮಾನ ಮಾಡೂದು ನಮ್ಮಂಥೋರ ಕೆಲಸೇನು?” ಎಂದರು. ಯಜಮಾನರು ಸುಮ್ಮನೆ ನನ್ನ ಮುಖ ನೋಡಿದರು. ಹಾಗಾದರೆ ಮೊದಲು ಮಾಡಿದವರು ಎಂಥವರು? ನನಗೆ ಅದೇ ತಿಳಿಯಬೇಕಾಗಿತ್ತು.

ವಾಲಚಂದರು 1882ರಲ್ಲಿ ಹುಟ್ಟಿದ ವ್ಯಾಪಾರಿ ಮನೆತನದವರು. ಬ್ರಿಟಿಷರ ಕಾಲದಲ್ಲೇ ಹಡಗಿನ ಕಂಪನಿ ನಡೆಸಿದ ಗಟ್ಟಿಗರು. ಆದರೆ ವಿಮಾನ ಕಟ್ಟುವ ವಿದ್ಯೆ ಅವರಿಗೂ ಬರುತ್ತಿರಲಿಲ್ಲ. ವಿಲಿಯಂ ಪಾಲಿ ಎಂಬ ಅಮೆರಿಕದವರನ್ನು ಜೊತೆಗೆ ಕರೆದುಕೊಂಡರು. ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಬೆಂಗಳೂರಿನ ಹೊರಗೆ ಸುಮಾರು 700 ಎಕರೆ ಜಮೀನು ಕೊಡಿಸಿದರು, ಸಂಸ್ಥಾನದ ಹಣವನ್ನೂ ಹಾಕಿಸಿದರು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅಲ್ಲೇ ವಿಮಾನ ಇಳಿಯುವ ಮೈದಾನವೂ ಆಯಿತು. ಆ ಬಡಾವಣೆಗೆ ಇಂದಿಗೂ ವಿಮಾನಪುರ ಎಂದೇ ಹೆಸರು.

ಮೊದಲ ಕೆಲಸವೇನು ಗೊತ್ತೇ? ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದು. 1941ರ ಆಗಸ್ಟ್‌ನಲ್ಲಿ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ ಅಲ್ಲಿಂದ ಮೇಲೆದ್ದಿತು. ಕಂಪನಿಗೆ ಆಗ ಎಂಟು ತಿಂಗಳು! ಅಷ್ಟರಲ್ಲಿ ಜಪಾನಿನ ಯುದ್ಧ ಹತ್ತಿರ ಬಂತು. 1942ರಲ್ಲಿ ಸರಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಯಿತು. ಹೊಸ ವಿಮಾನ ಕಟ್ಟುವ ಕನಸು ಅಲ್ಲಿಗೆ ನಿಂತಿತು. ಯುದ್ಧದಿಂದ ಬಂದ ವಿಮಾನಗಳ ದುರಸ್ತಿಯೇ ಕೆಲಸವಾಯಿತು. ಎಂಜಿನ್ ಬಿಚ್ಚುವುದು, ತೊಳೆಯುವುದು, ಸವೆದದ್ದನ್ನು ಬದಲಿಸುವುದು, ಮತ್ತೆ ಜೋಡಿಸುವುದು.

ನನಗೆ ಬಹಳ ಹಿಡಿಸಿದ್ದು ಈ ಭಾಗವೇ. ಹರಿದದ್ದನ್ನು ಬಿಚ್ಚಿ ಹೊಲಿಯುವವಳಿಗಲ್ಲವೇ ಕುಪ್ಪಸದ ಕಟಿಂಗ್ ಚೆನ್ನಾಗಿ ತಿಳಿಯುವುದು! ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ರೈಲು ಡಬ್ಬಿಗಳನ್ನೂ ಕಟ್ಟಿತು. ಆಮೇಲೆ, 1951ರ ಆಗಸ್ಟ್‌ನಲ್ಲಿ, ನಮ್ಮವರೇ ನಕ್ಷೆ ಹಾಕಿ ನಮ್ಮವರೇ ಕಟ್ಟಿದ ಎಚ್.ಟಿ.-2 ವಿಮಾನ ಹಾರಿತು. ನಕ್ಷೆಯ ಹಿಂದಿದ್ದವರು ಡಾ. ವಿ.ಎಂ. ಘಾಟಗೆ. 1961ರಲ್ಲಿ ಜೆಟ್ ಯುದ್ಧವಿಮಾನ ಮಾರುತ್, 1964ರಲ್ಲಿ ಕಿರಣ್ ಹಾರಿದವು. 1964ರಲ್ಲೇ ಕಂಪನಿಗೆ ಹಿಂದುಸ್ತಾನ್ ಏರೋನಾಟಿಕ್ಸ್, ಎಂದರೆ ಎಚ್.ಎ.ಎಲ್., ಎಂಬ ಹೆಸರು ಬಂತು.

ಎಲ್ಲವೂ ಸಿಹಿಯಲ್ಲ. ಮಾರುತ್ ವಿಮಾನವನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಅದೇ ಮಾರುತ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಕಾರ್ಖಾನೆಯ ಮೈದಾನವೇ 2008ರ ಮೇ ತಿಂಗಳವರೆಗೆ ಬೆಂಗಳೂರಿನ ಜನರೆಲ್ಲ ವಿಮಾನ ಹತ್ತುವ ನಿಲ್ದಾಣವೂ ಆಗಿತ್ತು. ದೇವನಹಳ್ಳಿಯ ಕಡೆ ಹೊಸದು ಬಂದ ಮೇಲೆ ಆ ಗದ್ದಲ ಅಲ್ಲಿಂದ ಹೋಯಿತು.

“ಇರಲಿ, ಹೆಣ್ಣುಮಕ್ಕಳ ಮಾತೇನು?” ಎನ್ನುತ್ತೀರಾ? ಅದಕ್ಕೆ ನಮ್ಮ ಬೀದರನ್ನೇ ನೋಡಿ. ವಾಯುಸೇನೆಯ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಅಧಿಕಾರಿಗಳಾದ ಮೇಲೆ ಹಾಕ್ ವಿಮಾನದಲ್ಲಿ ಪಳಗಿದ್ದು ಬೀದರಿನಲ್ಲೇ. ಹಾರಿಸಲು ಹೆಣ್ಣು ಸೈ ಎಂದ ಮೇಲೆ ತಗಡು ಜೋಡಿಸಲು ಅಡ್ಡಿಯೇನು?

ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ವಿಮಾನದ ಮೈಯೆಂದರೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ. ಅದನ್ನು ಸಾವಿರಾರು ರಿವೆಟ್ ಮೊಳೆಗಳು ಹಿಡಿದಿರುತ್ತವೆ. ಒಬ್ಬರು ಹೊರಗಿನಿಂದ ಬಡಿದರೆ ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಒಂದೂ ಸಡಿಲಾಗಬಾರದು ಎಂದೆ. ಅವರು ತಾವೇ ಹೊಲಿದ ಕೌದಿಯ ಮೇಲೆ ಕೈಯಾಡಿಸುತ್ತ, “ಹಂಗಾದ್ರ ಅದೂ ಕೌದೀನೇ ಅನ್ನು. ಹೊಲಿಗಿ ಬಿಗಿ ಇರಬೇಕು, ಅಷ್ಟೇ” ಎಂದರು. ಮರುದಿನ ಯಜಮಾನರು ಮಗಳೊಡನೆ ಆಳಂದಕ್ಕೆ ಹೋಗಿ ಪ್ರವೇಶದ ಅರ್ಜಿ ತಂದರು.

ಅವಳಿಗೆ ಕಾರ್ಖಾನೆಯಲ್ಲಿ ಜಾಗ ಸಿಗುತ್ತದೆಂದು ನಾನು ಹೇಳಲಾರೆ. ಅರ್ಜಿ ಹಾಕುವವರು ಬಹಳ. ಆದರೆ ಕಲಿತ ಕೈ ಖಾಲಿ ಕೂರುವುದಿಲ್ಲ. ನಿಮ್ಮ ಮನೆಯಲ್ಲೂ ಸ್ಕ್ರೂಡ್ರೈವರ್ ಹಿಡಿದು ಮಿಕ್ಸಿ ಬಿಚ್ಚುವ ಮಗಳಿದ್ದರೆ ಗದರಬೇಡಿ. ಅಂಕಪಟ್ಟಿ, ಜಾತಿ–ಆದಾಯದ ಪ್ರಮಾಣಪತ್ರ ತೆಗೆದಿಟ್ಟು, ಹತ್ತಿರದ ಐ.ಟಿ.ಐ.ಗೆ ಒಮ್ಮೆ ನೀವೇ ಜೊತೆಗೆ ಹೋಗಿ ವಿಚಾರಿಸಿ. ಬಿಚ್ಚಿದ ಮಿಕ್ಸಿಯನ್ನು ಅವಳಿಂದಲೇ ಜೋಡಿಸಿಸಿ ನೋಡಿ!