ತಾಮ್ರದ ಮೇಲಿನ ಅಕ್ಷರ

ಸಾಮ್ರಾಜ್ಯಗಳ ವೈಭವವನ್ನು ಚಿನ್ನದ ನಾಣ್ಯಗಳಲ್ಲಿ ಗುರುತಿಸುವುದು ರೂಢಿ. ಆದರೆ ಪೇಟೆಯಲ್ಲಿ ರೊಟ್ಟಿ ಕೊಳ್ಳುವವನ ಕೈಯಲ್ಲಿದ್ದುದು ತಾಮ್ರ. ಬೈಜಾಂಟೈನ್ ಸಾಮ್ರಾಜ್ಯದಲ್ಲಿ ಐದನೆಯ ಶತಮಾನದ ಕೊನೆಗೆ ಆತನಿಗೆ ಉಳಿದಿದ್ದುದು ‘ನುಮ್ಮಸ್’ ಎಂಬ ತೀರ ಸಣ್ಣ ನಾಣ್ಯ. ಅಲ್ಪ ವ್ಯವಹಾರಕ್ಕೂ ಅದನ್ನು ಹಿಡಿಗಟ್ಟಲೆ ಎಣಿಸಬೇಕಾಗಿತ್ತು. ಚಕ್ರವರ್ತಿ ಒಂದನೆಯ ಅನಸ್ತಾಸಿಯಸ್ 498ರಲ್ಲಿ 40 ನುಮ್ಮಸ್ ಬೆಲೆಯ ‘ಫೋಲ್ಲಿಸ್’ ನಾಣ್ಯವನ್ನು ಟಂಕಿಸಿದನು. ಅದರ ಹಿಂಬದಿಯಲ್ಲಿ ಎದ್ದು ಕಾಣುವುದು ಗ್ರೀಕ್ ವರ್ಣಮಾಲೆಯ ‘ಮ್ಯೂ’ ಅಕ್ಷರ. ಅದರ ಸಂಖ್ಯಾಮೌಲ್ಯ 40. ಅರ್ಧ ಫೋಲ್ಲಿಸ್‌ಗೆ 20ನ್ನು ಸೂಚಿಸುವ ‘ಕಪ್ಪಾ’. ಕಟಪಯಾದಿಯನ್ನು ಬಲ್ಲ ವಿದ್ವಾಂಸರಿಗೆ ಅಕ್ಷರವು ಅಂಕಿಯಾಗುವುದು ಹೊಸತೇನಲ್ಲ.

ಜಸ್ಟಿನಿಯನ್ 538–39ರಲ್ಲಿ ಆಳ್ವಿಕೆಯ ವರ್ಷವನ್ನೂ ನಮೂದಿಸಿದನು. ಆಗ ಫೋಲ್ಲಿಸ್‌ನ ತೂಕ 20 ಗ್ರಾಂ ಮೀರಿತ್ತು. ಪರ್ಷಿಯನ್ನರೊಡನೆ, ತರುವಾಯ ಅರಬರೊಡನೆ ನಡೆದ ಯುದ್ಧಗಳಲ್ಲಿ ಬೊಕ್ಕಸ ಬರಿದಾದಾಗ, ಹೆರಾಕ್ಲಿಯಸ್‌ನ (610–641) ಟಂಕಸಾಲೆಗಳು ಹಳೆಯ ನಾಣ್ಯಗಳನ್ನೇ ಕತ್ತರಿಸಿ ಅವುಗಳ ಮೇಲೆ ಹೊಸ ಅಚ್ಚು ಒತ್ತಿದವು. ಆತನ ಆಳ್ವಿಕೆಯ ಕೊನೆಗೆ ಫೋಲ್ಲಿಸ್ ಸುಮಾರು 5 ಗ್ರಾಂಗೆ ಇಳಿದಿತ್ತು. ತೆರಿಗೆ ಸಲ್ಲುತ್ತಿದ್ದ ಚಿನ್ನದ ‘ಸಾಲಿಡಸ್’ ಮಾತ್ರ ಸುಮಾರು 4.5 ಗ್ರಾಂ ತೂಕವನ್ನು ಕಾಯ್ದುಕೊಂಡಿತು.

ತಾಮ್ರ ಸವೆದರೂ ‘ಮ್ಯೂ’ ಅಳಿಯಲಿಲ್ಲ. ಶಬ್ದ ಉಳಿದು ಅರ್ಥ ಕುಗ್ಗುವುದನ್ನು ಭಾಷೆಯ ಅಭ್ಯಾಸಿಗಳು ಬಲ್ಲರು. ಇಲ್ಲಿ ಆ ಕುಗ್ಗುವಿಕೆಯ ಹೊರೆ ಬಿದ್ದುದು ಚಿನ್ನವಿಲ್ಲದವರ ಮೇಲೆ.