ನೊಗ ಇಳಿಸುವ ಹೊತ್ತು

ವಿಜಯಪುರ ಜಿಲ್ಲೆಯ ಉತ್ತರದಂಚಿನಲ್ಲಿ ಭೀಮೆಯೂ ದಕ್ಷಿಣದ ಕಡೆಗೆ ಕೃಷ್ಣೆಯೂ ನಡುವೆ ಡೋಣಿಯೂ ಹರಿಯುತ್ತವೆ. ಇಂಡಿ, ಸಿಂದಗಿಗಳು ಭೀಮೆಯ ಕಡೆಗೂ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಕೃಷ್ಣೆಯ ಕಡೆಗೂ ಇವೆ. ಹಿಂಗಾರಿ ಜೋಳದ ಸುಗ್ಗಿ ಮುಗಿದ ಬಳಿಕ ಈ ಸೀಮೆಯಲ್ಲಿ ಸಂಚರಿಸುವವನು ಎರಡು ನೋಟಗಳನ್ನು ಕಾಣುವನು: ಬರಿದಾದ ಎರೆಹೊಲದಲ್ಲಿ ನೇಗಿಲೆಳೆಯುವ ಎತ್ತುಗಳು, ಪಕ್ಕದ ಬಯಲಿನಲ್ಲಿ ಕ್ರಿಕೆಟ್ ಆಡುವ ಹುಡುಗರು. ಎರಡೂ ಕಡೆ ಏಳುವ ಪ್ರಶ್ನೆ ಒಂದೇ: ದುಡಿಯುವವನನ್ನು ಯಾವಾಗ ಬಿಡಿಸಬೇಕು?

ಇಂಡಿಯ ನಿಂಬೆಯ ತೋಟಗಳನ್ನು ದಾಟಿ ಸಿಂದಗಿಯ ಹಾದಿ ಹಿಡಿದರೆ ಕಪ್ಪು ನೆಲವು ದಿಗಂತದವರೆಗೆ ಹಬ್ಬಿರುವುದು. ಟ್ರ್ಯಾಕ್ಟರುಗಳು ಹೆಚ್ಚಿದ ಈ ಕಾಲದಲ್ಲಿಯೂ ಎತ್ತು ಸಾಕುವ ಒಕ್ಕಲಿಗರು ಇಲ್ಲದಿಲ್ಲ. ನೊಗ ಇಳಿಸುವುದಕ್ಕೆ ಇವರು ಕೊಳ್ಳ ಹರಿಯುವುದೆನ್ನುತ್ತಾರೆ. ಎತ್ತು ಮಂಡಿಯೂರಿದ ಮೇಲೆ ಕೊಳ್ಳ ಹರಿಯುವವನನ್ನು ಯಾರೂ ಜಾಣನೆನ್ನರು. ಹೆಜ್ಜೆ ಗಿಡ್ಡಾಗುವುದು, ಸಾಲು ಸೊಟ್ಟಾಗುವುದು, ತಿರುವಿನಲ್ಲಿ ತಡೆಯುವುದು, ಇವೇ ಬಲ್ಲವನಿಗೆ ಸಾಕಾದ ಕುರುಹುಗಳು.

ಸಿಂದಗಿಯ ಸಮೀಪದ ಒಂದು ಬಯಲಿನಲ್ಲಿ ಇವೇ ಕುರುಹುಗಳನ್ನು ಒಬ್ಬ ಹುಡುಗನಲ್ಲಿ ಕಂಡೆನು. ಮೊದಲಿಗೆ ಮೂವರನ್ನು ಔಟು ಮಾಡಿದ್ದ ಆ ಚೆಂಡೆಸೆಗಾರನ ಓಟವು ಬರಬರುತ್ತ ಕುಗ್ಗಿ, ಚೆಂಡು ನಡುದಾರಿಯಲ್ಲಿಯೇ ಬೀಳತೊಡಗಿತ್ತು. ನಾಯಕನು ಅದನ್ನು ಕಾಣದೆ ಇರಲಿಲ್ಲ. ಗೆಳೆಯನ ಕೈಯಿಂದ ಚೆಂಡನ್ನು ಕೇಳುವ ಧೈರ್ಯವು ಅವನಿಗಿರಲಿಲ್ಲ. ಎರಡು ಓವರುಗಳಲ್ಲಿ ಪಂದ್ಯವು ಕೈಬಿಟ್ಟಿತು. ಬುದ್ಧಿಗೆ ತಿಳಿದುದನ್ನು ದಾಕ್ಷಿಣ್ಯವು ತಡೆಯುವುದು ಹೀಗೆಯೇ.

ದೊಡ್ಡ ಆಟಗಳಲ್ಲಿ ಈ ದಾಕ್ಷಿಣ್ಯವನ್ನು ಮೀರಿದ ಉದಾಹರಣೆಗೆ ಈ ಜಿಲ್ಲೆಯವರೇ ಸಂಬಂಧಪಟ್ಟಿರುವರು. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ಏಕ್ತಾ ಬಿಷ್ಟ್ ಅವರು ಜುಲೈ 2ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಪಾಕಿಸ್ತಾನದ ಐವರನ್ನು ಕೆಡವಿದ್ದರು. ಜುಲೈ 15ರಂದು ಅದೇ ಮೈದಾನದಲ್ಲಿ ಅವರ ಸ್ಥಾನದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡರನ್ನು ಇಳಿಸಲಾಯಿತು. ಅವರು 15 ಓಟಗಳಿಗೆ ಐವರನ್ನು ಔಟು ಮಾಡಿದರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು.

ಬಿಡಿಸುವುದು, ಮುಂದುವರಿಸುವುದು ಇವೆರಡೇ ಮಾರ್ಗಗಳೆಂದೂ ಅಲ್ಲ. 1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ನಮ್ಮ ಅನಿಲ ಕುಂಬ್ಳೆಯವರು ಬೆಳಿಗ್ಗೆ ಆರು ಓವರುಗಳಲ್ಲಿ 27 ಓಟ ಕೊಟ್ಟು ಒಬ್ಬರನ್ನೂ ಔಟು ಮಾಡಲಿಲ್ಲ. ಊಟದ ಬಳಿಕ ಅವರಿಗೆ ಎದುರು ತುದಿಯಿಂದ ಚೆಂಡನ್ನು ಕೊಡಲಾಯಿತು. ಅಂದು ಪಾಕಿಸ್ತಾನದ ಹತ್ತೂ ಮಂದಿ ಅವರಿಗೇ ಬಲಿಯಾದರು.

ಕ್ರಿಕೆಟಿನಲ್ಲಿ ವಿಶ್ರಾಂತಿ ಪಡೆದವನು ಮತ್ತೆ ಚೆಂಡು ಹಿಡಿಯಬಹುದು. ಅಮೇರಿಕದ ಬೇಸ್‌ಬಾಲ್ ಆಟದಲ್ಲಿ ಹಾಗಿಲ್ಲ. ಒಮ್ಮೆ ಹೊರಬಂದವನು ಆ ಪಂದ್ಯಕ್ಕೆ ಮರಳನು. ಒಬ್ಬನ ಎಸೆತವನ್ನು ಮೂರನೆಯ ಸುತ್ತಿನಲ್ಲಿ ಎದುರಿಸುವ ದಾಂಡಿಗರು ಅವನನ್ನು ಚೆನ್ನಾಗಿ ಹೊಡೆಯುವರೆಂಬುದು ಅಲ್ಲಿಯ ಲೆಕ್ಕಾಚಾರ. 2003ರಲ್ಲಿ ಬಾಸ್ಟನ್ ತಂಡದ ವ್ಯವಸ್ಥಾಪಕನು ದಣಿದ ಪೆಡ್ರೊ ಮಾರ್ಟಿನೆಜ್‌ನನ್ನು ಬಿಡಿಸದೆ ಸೋತನು. 2020ರಲ್ಲಿ ಟ್ಯಾಂಪಾ ಬೇ ತಂಡದವನು ಕೇವಲ 73 ಎಸೆತಗಳನ್ನೆಸೆದು ಒಂಬತ್ತು ಸ್ಟ್ರೈಕ್‌ಔಟು ಮಾಡಿದ್ದ ಬ್ಲೇಕ್ ಸ್ನೆಲ್‌ನನ್ನು ಬಿಡಿಸಿ ಸೋತನು. ಉಳಿಸಿದವನಿಗೂ ನಿಂದೆ, ಬಿಡಿಸಿದವನಿಗೂ ನಿಂದೆ! ಆದಕಾರಣ ಬರಿಯ ಫಲದಿಂದ ನಿರ್ಣಯವನ್ನು ಅಳೆಯಲಾಗದು. ಹಿಂದಿನ ಕೀರ್ತಿಯನ್ನೂ ಮುಂದಿನ ನಿಂದೆಯನ್ನೂ ಬದಿಗಿಟ್ಟು, ಆ ಕ್ಷಣದ ಹೆಜ್ಜೆಯನ್ನು ನೋಡಿ ನಿಶ್ಚಯಿಸಿದವನೇ ವಿವೇಕಿಯು.

ಡೋಣಿಯ ದಡದ ತಾಳಿಕೋಟೆ, ಮುದ್ದೇಬಿಹಾಳಗಳನ್ನು ಕಳೆದು ಬಸವನ ಬಾಗೇವಾಡಿಯನ್ನು ಸೇರಿದಾಗ ಈ ವಿಚಾರವು ಇನ್ನಷ್ಟು ತಿಳಿಯಾಗುವುದು. ಕಾಯಕಕ್ಕೆ ಹಿರಿಮೆಯನ್ನಿತ್ತ ಬಸವಣ್ಣನವರು ಜನಿಸಿದ ಊರಿದು. ಕಾಯಕವು ದೊಡ್ಡದೆಂದ ಮೇಲೆ ಅದು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ದಾಟುವುದು ಅವಮಾನವಲ್ಲ. ಪಾಠ ಹೇಳುವ ವೃತ್ತಿಯಿಂದ ನಿವೃತ್ತನಾದ ನನ್ನಂಥವನಿಗೆ ಈ ಮಾತು ಒಡನೆಯೇ ಮನಸ್ಸಿಗೆ ಹತ್ತುವುದು. ಮನೆಯಲ್ಲಿ ಕೀಲಿಕೈಯನ್ನು ಸೊಸೆಗೆ, ಹೊಲದ ಲೆಕ್ಕವನ್ನು ಮಗನಿಗೆ ಒಪ್ಪಿಸಬೇಕಾದ ಹಿರಿಯರಿಗೂ ಇದು ಸಲ್ಲುತ್ತದೆ. ಬಿಡಿಸುವವನು ಹೊತ್ತನ್ನರಿತು, ಹೆಗಲ ಮೇಲೆ ಕೈಯಿಟ್ಟು ಬಿಡಿಸಲಿ. ಬಿಡುವವನು ಕೈಯಲ್ಲಿ ಇನ್ನೂ ಕಸುವಿರುವಾಗಲೇ ನಗುತ್ತ ಒಪ್ಪಿಸಲಿ.