ಎರೆಕ್ಟ್ ಅಂದರೆ ಕಟ್ಟುವುದೇ?

ಮಗಳ ಇಂಗ್ಲಿಷ್ ಪಾಠದಲ್ಲಿ ‘ಎರೆಕ್ಟ್’ ಬಂತು. ಕನ್ನಡದಲ್ಲಿ ಏನೆಂದು ಕೇಳಿದಳು. ಒಗ್ಗರಣೆ ಹಾಕುತ್ತಲೇ ‘ಕಟ್ಟುವುದು’ ಅಂದುಬಿಟ್ಟೆ. ಭಾನುವಾರ ವಿಡಿಯೊ ಕರೆಯಲ್ಲಿ ಅವಳು ಅಜ್ಜಿಗೆ, "ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನ ಕಟ್ಟಿದ್ದು ಯಾರು ಗೊತ್ತಾ?" ಎಂದಳು. "ಕಟ್ಟೋಕೆ ಅವನೇನು ಹಸುವೇನೇ!" ಎಂದು ಅಮ್ಮ ನಕ್ಕರು. ಆಮೇಲೆ ಎರಡು ವಾರ ಮಗಳು ಅಜ್ಜಿಯ ಹತ್ತಿರ ಕನ್ನಡ ಮಾತಾಡಲಿಲ್ಲ.

ತಪ್ಪು ನನ್ನದು. ನೀವೂ ಹೀಗೆ ಒಂದೇ ಪದ ಕೊಟ್ಟು ಕೈತೊಳೆದುಕೊಂಡಿರಬಹುದು. ಆದರೆ ನಾವು ಮನೆ ಕಟ್ಟುತ್ತೇವೆ, ಗೋಡೆ ಎಬ್ಬಿಸುತ್ತೇವೆ, ಕಂಬ ನೆಡುತ್ತೇವೆ, ಚಪ್ಪರ ಹಾಕುತ್ತೇವೆ. ಬೆನ್ನಿನ ಮಾತಾದರೆ ‘ನೆಟ್ಟಗೆ ಕೂತ್ಕೋ’. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಆ ಒಂದೇ ಪದ ಸಾಕು. ಗೊಮ್ಮಟನದಂತೂ ಇನ್ನೂ ಬೇರೆ. 58 ಅಡಿಯ ಆ ಮೂರ್ತಿಯನ್ನು ಎಲ್ಲಿಂದಲೋ ತಂದು ನಿಲ್ಲಿಸಿದ್ದಲ್ಲ, ಬೆಟ್ಟದ ಬಂಡೆಯಲ್ಲೇ ಕಡೆದದ್ದು. ಪಾದದ ಬಳಿಯ ಶಾಸನವೂ ಚಾವುಂಡರಾಯ ಅದನ್ನು ‘ಮಾಡಿಸಿದ’ ಎನ್ನುತ್ತದೆ, ಅಷ್ಟೇ.

ಮೊನ್ನೆ ಅಮ್ಮನೇ ಉಪಾಯ ಹೂಡಿದರು. "ಪುಟ್ಟಿ, ನಿಮ್ಮೂರಲ್ಲಿ ಟೆಂಟನ್ನ ಏನ್ಮಾಡ್ತಾರೆ?"

ಮಗಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ.

"ಹಾಕ್ತಾರೆ ಅಜ್ಜಿ" ಅಂದಳು.